ಅರ್ಡಿತ್ ಪೆಲ್ಕಿ ಒಬ್ಬರೇ ಕಾರಿನ ತನಕ ಹೋದದ್ದು

ಅರ್ಡಿತ್ ಪೆಲ್ಕಿ ಅವರಿಗೆ ನಮ್ಮೂರು ವೆಸ್ಟ್ ಕೊಲ್ಬಿಯ ಎಲ್ಲ ನಾಯಿಗಳ ಹೆಸರೂ ಬಾಯಿಪಾಠ. ಮನುಷ್ಯರ ಹೆಸರು ಒಮ್ಮೊಮ್ಮೆ ತಪ್ಪುತ್ತಾರೆ, ನಾಯಿಗಳದ್ದು ತಪ್ಪುವುದಿಲ್ಲ. ಏಪ್ರಿಲ್ ಒಂದರೊಳಗೆ ನಾಯಿಯ ಪರವಾನಗಿ ಮಾಡಿಸದವರ ಮನೆಗೆ ಅವರೇ ಫೋನ್ ಮಾಡುತ್ತಾರೆ. "ನಿಮ್ಮ ಪೆಪ್ಪರ್‌ಗೆ ರೇಬಿಸ್ ಚುಚ್ಚುಮದ್ದು ಆಯ್ತಾ? ಚೀಟಿ ತಗೊಂಡು ಬನ್ನಿ. ಚೀಟಿ ಇಲ್ದೆ ಬಂದ್ರೆ ಬಂದ ದಾರೀಲೇ ವಾಪಸ್." ನಾನು ಚಿಕ್ಕವಳಿದ್ದಾಗಿನಿಂದ ಇದನ್ನೇ ಕೇಳುತ್ತಿದ್ದೇನೆ, ನಾಯಿಯ ಹೆಸರಷ್ಟೇ ಬೇರೆ; ಈಗ ನಮ್ಮನೆಯದು ಪೆಪ್ಪರ್.

ಅವರು ನಮ್ಮೂರಿನ ಕ್ಲರ್ಕ್, ಊರಿನ ದಾಖಲೆ ನೋಡಿಕೊಳ್ಳಲು ಊರವರೇ ಮತ ಹಾಕಿ ಆರಿಸಿದವರು. ಹುಟ್ಟು, ಸಾವು, ಮದುವೆ, ಜಮೀನಿನ ಪತ್ರ, ನಾಯಿ, ಮತ, ಎಲ್ಲವೂ ಪುರಭವನದ ಅದೇ ಓಕ್ ಮೇಜಿನ ಮೇಲೆ ಹಾದು ಹೋಗಬೇಕು. ಹದಿನಾಲ್ಕನೇ ವಯಸ್ಸಿನಲ್ಲಿ ಶಾಲೆಗೆ ಹೋಗುವ ಮೊದಲು ನಲವತ್ತು ಹಸುಗಳ ಹಾಲು ಕರೆಯುತ್ತಿದ್ದರಂತೆ. ತಂದೆ ಹಸುಗಳನ್ನು ಮಾರಿದ ವರ್ಷ ಮರದ ದಿಮ್ಮಿ ಸಾಗಿಸುವ ಲಿಯಾನ್‌ನನ್ನು ಮದುವೆಯಾದರು, ಒಂದಷ್ಟು ವರ್ಷ ಶಾಲಾ ಬಸ್ ಓಡಿಸಿದರು, ಮೂವತ್ತೆರಡಕ್ಕೆ ಈ ಕುರ್ಚಿಗೆ ಬಂದು ಕೂತರು. ಈಗ ಅರವತ್ತೈದು. ಹನ್ನೊಂದು ವರ್ಷದ ಹಿಂದೆ ಲಿಯಾನ್ ತೀರಿಕೊಂಡಾಗ ಮರಣದ ದಾಖಲೆಯನ್ನು ತಾವೇ ಬರೆದರು. ತಾನು ಬರೆಯುತ್ತೇನೆ ಅಂತ ಕಚೇರಿಯ ಸಹಾಯಕಿ ಅಂದರೆ, "ನಿನ್ನ ಅಕ್ಷರ ಚೆನ್ನಾಗಿಲ್ಲ, ಬಿಡು" ಅಂದರಂತೆ.

ಇಂಥ ಹೆಂಗಸನ್ನು ಊರು ನಾಲ್ಕು ತಿಂಗಳು ಕಳ್ಳಿ ಅಂದಿತು. ಅದರಲ್ಲಿ ನನ್ನದೂ ಪಾಲಿದೆ. ಅದನ್ನೂ ಬರೆಯುತ್ತೇನೆ.

ನವೆಂಬರಿನ ಮತದಾನದ ದಿನ ನನ್ನ ಓರಿನ್‌ಗೆ ಒಂಬತ್ತು ದಿನ. ಹೊಟ್ಟೆ ಕೊಯ್ದು ತೆಗೆದ ಮಗು. ಹೊಲಿಗೆ ಇನ್ನೂ ಎಳೆಯುತ್ತಿತ್ತು, ಮೆಟ್ಟಿಲು ಹತ್ತಬಾರದು ಅಂದಿದ್ದರು ವೈದ್ಯರು. ಪುರಭವನಕ್ಕೆ ಏಳು ಕಲ್ಲಿನ ಮೆಟ್ಟಿಲು, ಅವತ್ತು ಅವುಗಳ ಮೇಲೆ ಗಾಜಿನ ಹಾಗೆ ಹಿಮ. ನಮ್ಮ ಕಾರು ನದಿಯಾಚೆಯ ಗ್ಯಾರೇಜಿನಲ್ಲಿತ್ತು. ಗ್ಯಾರೇಜಿನವನು ಬದಲಿಗೆ ಕೊಟ್ಟ ಹಳೆಯ ಬೂದು ಬಣ್ಣದ ಕಾರನ್ನು ನನ್ನ ಗಂಡ ಗ್ಯಾರೆಟ್ ಓಡಿಸಿಕೊಂಡು ಬಂದು, ಪುರಭವನದ ಪಕ್ಕ ನಿಲ್ಲಿಸಿ, ತಾನು ಒಳಗೆ ಸಾಲಿನಲ್ಲಿ ನಿಂತ. ಹೋಗುವಾಗ ಅರ್ಡಿತ್ ಅವರಿಗೆ ಹೇಳಿದ, ಹೆಂಡತಿ ಕಾರಿನಲ್ಲಿದ್ದಾಳೆ, ಇಳಿಯಲಾರಳು ಅಂತ.

ಇಳಿಯಲಾಗದವರಿಗೆ ಮತಪತ್ರವನ್ನು ಕಾರಿಗೇ ತಂದುಕೊಡುವ ಪದ್ಧತಿ ನಮ್ಮಲ್ಲಿದೆ. ಆದರೆ ಇಬ್ಬರು ತರಬೇಕು, ಆ ಪಕ್ಷದವರೊಬ್ಬರು, ಈ ಪಕ್ಷದವರೊಬ್ಬರು. ಅರ್ಡಿತ್ ಒಬ್ಬರೇ ಬಂದರು. ಮಳೆ ಹಿಮದ ಜೊತೆ ಬೆರೆತು ಅಡ್ಡಡ್ಡ ಹೊಡೆಯುತ್ತಿತ್ತು. ಒದ್ದೆ ಕಾಗದವನ್ನು ಎಣಿಸುವ ಯಂತ್ರ ನುಂಗುವುದಿಲ್ಲ, ಅದಕ್ಕೇ ತಲೆಯ ಮೇಲಿನ ಉಣ್ಣೆಯ ಟೋಪಿಯನ್ನು ತೆಗೆದು ಮತಪತ್ರದ ಲಕೋಟೆಗೆ ಹೊದಿಸಿ ಹಿಡಿದುಕೊಂಡಿದ್ದರು. ನಾನು ಗಾಜು ಇಳಿಸಿದೆ.

"ಬೇಗ ಬೇಗ. ಮಗು ಕಿರುಚೋದು ಒಳಗಡೆ ತನಕ ಕೇಳ್ತಿದೆ. ಹಸಿವಾ?"

"ಹಸಿವೇ. ಕುಡಿಸ್ತಾ ಇದೀನಿ."

"ಕುಡಿಸ್ತಾ ಕುಡಿಸ್ತಾನೇ ಹಾಕು. ನಾನು ಆ ಕಡೆ ತಿರುಗಿಕೊಳ್ತೀನಿ. ಎರಡಕ್ಕೂ."

ನಕ್ಕರೆ ಹೊಲಿಗೆ ನೋಯುತ್ತಿತ್ತು, ಆದರೂ ನಕ್ಕೆ. ಓರಿನ್ ಯಾವ ಕಡೆ ಎಷ್ಟು ಹೊತ್ತು ಕುಡಿದ ಅಂತ ಬರೆದಿಡಲು ಒಂದು ಪುಸ್ತಕ ಇಟ್ಟುಕೊಂಡಿದ್ದೆ. ಅವತ್ತಿನ ಸಾಲು ಹೀಗಿದೆ: "ನಾಲ್ಕೂ ಹತ್ತು. ಎಡಗಡೆ. ಕಾರಿನಲ್ಲೇ ಮತ ಹಾಕಿದೆ. ಅರ್ಡಿತ್ ಬರಿದಲೆಯಲ್ಲಿ ಬಂದರು, ಕಿವಿ ಕೆಂಪಗಾಗಿತ್ತು."

ರಸ್ತೆಯ ಆಚೆ, ಚರ್ಚಿನ ಮುಂದೆ, ತಮ್ಮ ಪಿಕಪ್ ಗಾಡಿಯಲ್ಲಿ ನನ್ನ ಮಾವ ರಾಯ್ಸ್ ವೀಲಾಕ್ ಕೂತಿದ್ದರು. ಹನ್ನೆರಡು ವರ್ಷದಿಂದ ಊರಿನ ಆಡಳಿತ ಮಂಡಳಿಯ ಅಧ್ಯಕ್ಷರು. ಹೊರಗಿನವರು ಬಸ್ಸುಗಟ್ಟಲೆ ಬಂದು ಮತ ಹಾಕುತ್ತಾರೆ ಅಂತ ಇಡೀ ವಾರ ಫೋನಿನಲ್ಲಿ ಓದಿ ಓದಿ ತಲೆ ತುಂಬಿಕೊಂಡಿದ್ದರು. ಈಗ ಅವರ ಕಣ್ಣಿಗೆ ಬಿದ್ದದ್ದು ಇಷ್ಟು: ನದಿಯಾಚೆಯ ರಾಜ್ಯದ ನಂಬರ್ ಪ್ಲೇಟಿನ ಕಾರು, ಆವಿ ಕವಿದ ಹಿಂದಿನ ಗಾಜು, ಒಂಟಿಯಾಗಿ ಬಗ್ಗಿ ನಿಂತ ಕ್ಲರ್ಕ್, ಕೈಯಲ್ಲಿ ಟೋಪಿಯಡಿ ಮುಚ್ಚಿಟ್ಟ ಏನೋ ಒಂದು. ಅವರು ಫೋಟೊ ತೆಗೆದರು. ಊರಿನವರೆಲ್ಲ ಇರುವ ಫೋನಿನ ಗುಂಪಿಗೆ ಹಾಕಿದರು. ಕೆಳಗೆ, "ನಿಮ್ಮ ಮತ ಯಾರ ಕೈ ಸೇರುತ್ತಿದೆ ನೋಡಿಕೊಳ್ಳಿ" ಅಂತ ಒಂದು ಸಾಲು.

ಸುಳ್ಳು ಹಬ್ಬಿಸಬೇಕು ಅಂತ ಹೊರಟವರಲ್ಲ ಮಾವ. ಕಂಡದ್ದನ್ನು ನಂಬಿದರು, ನಂಬಿದ್ದನ್ನು ಹಾಕಿದರು. ಅದು ಊರು ದಾಟಿತು, ರಾಜ್ಯ ದಾಟಿತು. ದೂರದ ಯಾವುದೋ ಊರಿನ ಪಕ್ಷದ ಸಭೆಯಲ್ಲಿ ಒಬ್ಬ ನಾಯಕ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸಿದನಂತೆ. ಅವನು ನಮ್ಮೂರು ಭೂಪಟದಲ್ಲಿ ಎಲ್ಲಿದೆ ಅಂತಲೂ ನೋಡಿರಲಾರ.

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಮಗು, ಹಾಲು, ಬಟ್ಟೆ, ನಿದ್ದೆ, ಇಷ್ಟೇ ನನ್ನ ಪ್ರಪಂಚ. ಗ್ಯಾರೆಟ್ ಆ ಗುಂಪು ನೋಡುವವನಲ್ಲ; ಊರಿನ ಮಾತು ಕಿವಿಗೆ ಬಿದ್ದಿದ್ದರೂ ಅದು ಯಾವ ಕಾರು ಅಂತ ಅವನಿಗೆ ಗೊತ್ತಿರಲಿಲ್ಲ. ಆ ಗುಂಪನ್ನು ನಾನು ತೆರೆದು ನೋಡಿದ್ದು ಜನವರಿ ಒಂಬತ್ತಕ್ಕೆ. ಫೋಟೊ ಕಂಡಿತು. ಹಿಂದಿನ ದೀಪಕ್ಕೆ ಗ್ಯಾರೇಜಿನವನು ಅಂಟಿಸಿದ್ದ ಕೆಂಪು ಟೇಪು ಕಂಡಿತು. ಕೈಯಲ್ಲಿದ್ದ ಹಾಲಿನ ಬಾಟಲಿ ಕೆಳಗಿಟ್ಟುಬಿಟ್ಟೆ.

ಅಷ್ಟರಲ್ಲಿ ಅರ್ಡಿತ್ ಅವರಿಗೆ ಎರಡು ತಿಂಗಳಿಂದ ಫೋನುಗಳು. ಹೆಸರು ಹೇಳದವರು, ಬೈಯುವವರು, ಸುಮ್ಮನೆ ಉಸಿರು ಬಿಡುವವರು. ಅವರ ಮನೆಯ ಫೋಟೊ ಕೂಡ ಯಾರೋ ಹಾಕಿದ್ದರು. ಸಹಾಯಕಿ ಹೆದರಿ ಕೆಲಸ ಬಿಟ್ಟಳು. ಅಂಗಡಿಯಲ್ಲಿ "ಊರಿಗೇ ಟೋಪಿ ಹಾಕಿದ್ಲು" ಅಂತ ಅವರ ಬೆನ್ನ ಹಿಂದೆ, ಅವರಿಗೆ ಕೇಳುವಂತೆಯೇ ಅಂದರು. ಮಧ್ಯಾಹ್ನ ಊಟ ಮಾಡುವಾಗ ಕಚೇರಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳತೊಡಗಿದರು. ಆ ಬಾಗಿಲಿಗೆ ಚಿಲಕ ಇದೆ ಅನ್ನುವುದೇ ನಮಗೆ ಆಗ ಗೊತ್ತಾದದ್ದು. ಮಾರ್ಚಿಗೆ ಅವರ ಅವಧಿ ಮುಗಿಯುತ್ತಿತ್ತು. ಇದುವರೆಗೆ ಯಾವ ಸಲವೂ ಯಾರೂ ಎದುರು ನಿಂತಿರಲಿಲ್ಲ. ಈ ಸಲ ನಿವೃತ್ತ ವಿಮಾ ಏಜೆಂಟ್ ವೇನ್ ಡಟನ್ ನಿಲ್ಲುತ್ತಾನೆ, ಊರಿನ ಮತದಾರರೆಲ್ಲ ಸೇರುವ ಊರಸಭೆಯಲ್ಲೇ ಆಕೆಯನ್ನು ಇಳಿಸುತ್ತಾನೆ ಅಂತ ಸುದ್ದಿ.

ಆ ಭಾನುವಾರ ಮಾವ ಮೊಮ್ಮಗನನ್ನು ಎತ್ತಿಕೊಳ್ಳಲು ಬಂದರು. ಗ್ಯಾರೆಟ್ ಮುಂದೆಯೇ ಹೇಳಿದೆ.

"ರಾಯ್ಸ್, ಆ ಫೋಟೊದಲ್ಲಿರೋ ಕಾರಲ್ಲಿ ನಾನಿದ್ದೆ. ನೀವು ಎತ್ಕೊಂಡಿದೀರಲ್ಲ, ಅವನೂ ಇದ್ದ."

"ಆ ಕಾರು ನಿಮ್ಮದಲ್ವಲ್ಲ."

"ಗ್ಯಾರೇಜಿಂದು. ಟೋಪಿ ಕೆಳಗೆ ಇದ್ದದ್ದು ನನ್ನ ಮತಪತ್ರ."

ಮಾವ ಮೊಮ್ಮಗನ ಕಡೆ ನೋಡಿದರು. ಓರಿನ್ ಅವರ ಅಂಗಿಯ ಗುಂಡಿ ಬಾಯಿಗಿಟ್ಟುಕೊಂಡಿದ್ದ. "ಈಗ ಏನ್ ಮಾಡೋಕಾಗುತ್ತೆ? ಸಾವಿರಾರು ಜನ ನೋಡಿಬಿಟ್ಟಿದಾರೆ" ಅಂದರು. ಅವತ್ತು ಸಂಜೆ ಸದ್ದಿಲ್ಲದೆ ಫೋಟೊ ಅಳಿಸಿದರು. ಯಾಕೆ ಅಂತ ಒಂದು ಮಾತೂ ಬರೆಯಲಿಲ್ಲ.

ಅಳಿಸಿದ್ದರಿಂದ ಇನ್ನಷ್ಟು ಕೆಟ್ಟಿತು. "ರಾಯ್ಸ್‌ನನ್ನು ಹೆದರಿಸಿ ತೆಗೆಸಿದರು" ಅಂತ ಮಾರನೇ ದಿನವೇ ಶುರು. ಫೋಟೊ ಉಳಿಸಿಕೊಂಡವರು ಮತ್ತೆ ಹಾಕಿದರು, ಮೊದಲಿಗಿಂತ ಹೆಚ್ಚು ಜನ ನೋಡಿದರು.

ನಾನೇ ಬರೆದುಬಿಡಬಹುದಿತ್ತು. ಬರೆಯಲಿಲ್ಲ. ಅರ್ಡಿತ್ ಮನೆಯ ಫೋಟೊ ಹಾಕಿದವರು ನಮ್ಮ ಮನೆಯದ್ದೂ ಹಾಕುತ್ತಾರೆ ಅಂತ ಭಯ. ಮನೆಯಲ್ಲಿ ಹಸುಳೆ. ಜೊತೆಗೆ ಗ್ಯಾರೆಟ್, "ತಾನಾಗೇ ತಣ್ಣಗಾಗುತ್ತೆ ಕಣೇ, ಅಪ್ಪನ ಮುಖಾನೂ ನೋಡು" ಅಂದ. ನೋಡಿದೆ. ಒಂದು ತಿಂಗಳು ನೋಡುತ್ತಲೇ ಇದ್ದೆ.

ಫೆಬ್ರವರಿಯಲ್ಲಿ ತಡೆಯಲಾಗದೆ ಓರಿನ್‌ನನ್ನು ಎದೆಗೆ ಕಟ್ಟಿಕೊಂಡು ಪುರಭವನಕ್ಕೆ ಹೋದೆ. ಬಾಗಿಲು ತಟ್ಟಿದರೆ ಒಳಗಿನಿಂದ, "ಯಾರು?" ಅಂತ ಗಟ್ಟಿಯಾಗಿ ಕೇಳಿದರು. ನನ್ನ ದನಿ ಕೇಳಿ ಚಿಲಕ ತೆಗೆದರು. ಮೇಜಿನ ಮೇಲೆ ಅರ್ಧ ತಿಂದ ಸ್ಯಾಂಡ್‌ವಿಚ್. ನಾನು ಅಳುತ್ತಾ ಏನೇನೋ ಹೇಳಿದೆ. ಅವರು ಮೊದಲು ಮಗುವನ್ನು ಇಸಕೊಂಡರು.

"ಕಾರಲ್ಲಿ ಯಾರಿದ್ರು ಅಂತ ನೀವು ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ, ಅರ್ಡಿತ್?"

"ಯಾರು ಎಲ್ಲಿ ಕೂತು ಮತ ಹಾಕಿದ್ರು ಅನ್ನೋದು ನಾನು ಹೇಳೋ ವಿಷಯ ಅಲ್ಲ. ಅದು ನಿಂದು. ನನ್ನ ಜೀವ ಉಳಿಸಿಕೊಳ್ಳೋಕೆ ನಿನ್ನ ಹೆಸರು ಬೀದಿಗೆ ಎಳೀಲಾ?"

ಆಮೇಲೆ ಹಸಿರು ರಟ್ಟಿನ ಒಂದು ದಪ್ಪ ಪುಸ್ತಕ ನನ್ನ ಮುಂದೆ ತಳ್ಳಿದರು. ಚುನಾವಣೆಯ ದಿನದ ದಾಖಲೆ. ಯಂತ್ರ ಎಷ್ಟಕ್ಕೆ ಶುರುವಾಯಿತು, ಯಾರು ಎಷ್ಟಕ್ಕೆ ಊಟಕ್ಕೆ ಹೋದರು, ಎಲ್ಲ ಇತ್ತು. ನಡುವೆ ಅವರ ದುಂಡು ಅಕ್ಷರದಲ್ಲಿ: "ಸಂಜೆ ನಾಲ್ಕೂ ಹತ್ತು. ಇಳಿಯಲಾಗದ ಮತದಾರರೊಬ್ಬರಿಗೆ ಮತಪತ್ರ ಕಾರಿಗೆ ಒಯ್ದೆ. ಇಬ್ಬರು ಹೋಗಬೇಕಿತ್ತು. ಒಬ್ಬಳೇ ಹೋದೆ. ತಪ್ಪು ನನ್ನದು. ಅ. ಪೆ."

"ಅವತ್ತೇ ಬರೆದ್ರಾ?"

"ಒಳಗೆ ಬಂದ ಕೂಡಲೇ. ಜೊತೆಗೆ ಬರಬೇಕಾದೋರಲ್ಲಿ ಒಬ್ಬ ಸಾಲು ನೋಡ್ಕೊಳ್ತಿದ್ದ, ಇನ್ನೊಬ್ಬಳು ಸೂಪು ಕುಡೀತಿದ್ಲು. ಮಗು ಕಿರುಚ್ತಿತ್ತು. ಮೂವತ್ತು ಹೆಜ್ಜೆ ತಾನೇ ಅಂತ ಹೊರಟುಬಿಟ್ಟೆ. ಹೋಗಬಾರದಿತ್ತು."

"ಯಾರೂ ಬಂದು ಇದನ್ನ ನೋಡಲಿಲ್ವಾ?"

"ಇದು ಯಾರು ಬೇಕಾದ್ರೂ ಬಂದು ಓದೋ ಪುಸ್ತಕ. ನವೆಂಬರಿಂದ ಈ ಮೇಜಿನ ಮೇಲೇ ಇದೆ. ದೂರದ ಅರಿಜೋನಾದಿಂದ ಫೋನ್ ಮಾಡಿ ಬೈದೋರು ಎಷ್ಟೋ ಜನ. ರಸ್ತೆ ದಾಟಿ ಬಂದೋರು ಒಬ್ಬರೂ ಇಲ್ಲ." ಮಗುವಿನ ಬೆನ್ನು ತಟ್ಟುತ್ತಾ ಕಿಟಕಿಯಾಚೆ ನೋಡಿದರು. "ನೀನು ಊರಸಭೆಗೆ ಬಂದು ಹೇಳಬೇಕಾಗಿಲ್ಲ, ಮಗಳೇ. ಮಗು ಇದೆ. ನಾನು ಇಳಿದ್ರೆ ಇಳೀತೀನಿ. ಆದ್ರೆ ಕಳ್ಳಿ ಅಂತ ಅನ್ನಿಸಿಕೊಂಡು ಇಳಿಯೋದು ನನಗೆ ಆಗ್ತಿಲ್ಲ." ಅಷ್ಟು ಹೇಳಿ, ನಾನು ಎದ್ದಾಗ, "ನಿಮ್ಮ ಪೆಪ್ಪರ್ ಚೀಟಿ ತರೋದು ಮರೀಬೇಡ" ಅಂದರು.

ಮಾರ್ಚ್ ಮೊದಲ ಮಂಗಳವಾರ ಊರಸಭೆ. ಶಾಲೆಯ ಆಟದ ಹಾಲಿನಲ್ಲಿ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ಇನ್ನೂರು ಮಡಚು ಕುರ್ಚಿ. ಬೂಟುಗಳಿಂದ ಕರಗಿದ ಹಿಮ ನೆಲದ ತುಂಬ. ಪಕ್ಕದ ಅಡುಗೆಮನೆಯಿಂದ ಮೇಪಲ್ ಮರದ ಸಿಹಿ ಪಾಕ ಹಾಕಿದ ಬೀನ್ಸ್ ವಾಸನೆ. ಮುಂದಿನ ಮೇಜಿನಲ್ಲಿ ಮಾವ ಮತ್ತು ಮಂಡಳಿಯ ಇನ್ನಿಬ್ಬರು, ತುದಿಯಲ್ಲಿ ಬರೆದುಕೊಳ್ಳಲು ಅರ್ಡಿತ್. ಸಭಾಪತಿ ಲಿಂಡನ್ ಸ್ಟೋ, ನಿವೃತ್ತ ಪಶುವೈದ್ಯರು. ನಮ್ಮ ಸಭೆಯಲ್ಲಿ ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಏನಿದ್ದರೂ ಸಭಾಪತಿಗೆ ಹೇಳಬೇಕು. ಎದ್ದು ನಿಂತು ಮೊದಲು ನಿಮ್ಮ ಹೆಸರು, ನಿಮ್ಮ ರಸ್ತೆ ಹೇಳಬೇಕು. ಫೋನಿನಲ್ಲಿ ಗುಡುಗಿದವರಲ್ಲಿ ಅರ್ಧ ಜನ ಅದಕ್ಕೇ ಅವತ್ತು ಗಂಟಲು ಸರಿಮಾಡಿಕೊಳ್ಳುತ್ತಾ ಕೂತಿದ್ದರು ಅಂತ ನನ್ನ ಅನುಮಾನ.

ಕ್ಲರ್ಕ್ ಆಯ್ಕೆ ಬಂತು. ಒಬ್ಬರು ಅರ್ಡಿತ್ ಹೆಸರು ಸೂಚಿಸಿದರು, ಇನ್ನೊಬ್ಬರು ವೇನ್ ಹೆಸರು. ವೇನ್ ಎದ್ದ.

"ವೇನ್ ಡಟನ್, ನದಿ ರಸ್ತೆ. ಸಭಾಪತಿಗಳೇ, ನಾನು ಒಂದೇ ಕೇಳೋದು. ಆ ಹೊರರಾಜ್ಯದ ಕಾರು ಯಾರದು? ಟೋಪಿ ಕೆಳಗೆ ಏನಿತ್ತು?"

ಅರ್ಡಿತ್ ಎದ್ದರು. "ಅರ್ಡಿತ್ ಪೆಲ್ಕಿ, ಗುಡ್ಡದ ರಸ್ತೆ. ಇದ್ದದ್ದು ಒಂದು ಮತಪತ್ರ, ಈ ಊರಿನ ಮತದಾರರದ್ದು. ಇಬ್ಬರು ಹೋಗಬೇಕಾದಲ್ಲಿ ಒಬ್ಬಳೇ ಹೋದೆ. ಅದು ತಪ್ಪು. ಅವತ್ತೇ ಬರೆದಿಟ್ಟಿದೀನಿ. ಕಾರಲ್ಲಿ ಯಾರಿದ್ರು ಅಂತ ಹೇಳಲ್ಲ."

"ಹೇಳೋಕೆ ಯಾರಾದ್ರೂ ಇದ್ರೆ ತಾನೆ!" ಹಿಂದಿನಿಂದ ಯಾರೋ ಕೂಗಿದರು.

"ಹೆಸರು, ರಸ್ತೆ ಹೇಳಿ ಮಾತಾಡಿ. ಇಲ್ಲಾಂದ್ರೆ ಬೀನ್ಸ್‌ಗೆ ಕಾಯ್ತಾ ಸುಮ್ಮನೆ ಕೂತಿರಿ" ಅಂದರು ಸಭಾಪತಿ. ಒಂದಿಬ್ಬರು ನಕ್ಕರು. ಅರ್ಡಿತ್ ಕೂತರು, ಅವರ ಪೆನ್ನು ಕಾಗದದ ಮೇಲೆ ಓಡದೆ ನಿಂತಿತ್ತು.

ಗ್ಯಾರೆಟ್ ನನ್ನ ಮೊಣಕೈ ಹಿಡಿದ. ತಡೆಯುತ್ತಾನೇನೋ ಅಂದುಕೊಂಡೆ. ಅವನು ಓರಿನ್‌ನ ಬಟ್ಟೆ ಬಾಟಲಿಯ ಚೀಲ ತನ್ನ ತೊಡೆಗೆ ತೆಗೆದುಕೊಂಡು, "ಹೋಗು" ಅಂದ. ಮಗುವನ್ನು ಎತ್ತಿಕೊಂಡೇ ಎದ್ದೆ.

"ಟೆಸ್ ವೀಲಾಕ್, ಗರಗಸ ಮಿಲ್ ರಸ್ತೆ." ನನ್ನ ದನಿ ನನಗೇ ಬೇರೆಯವರದ್ದಾಗಿ ಕೇಳಿಸಿತು. "ಕಾರಲ್ಲಿದ್ದವಳು ನಾನು. ಕಾರು ಗ್ಯಾರೇಜಿನವರದ್ದು. ಹೊಟ್ಟೆಯಲ್ಲಿ ಹೊಲಿಗೆ ಇತ್ತು, ಇವನಿಗೆ ಒಂಬತ್ತು ದಿನ. ಇವನು ಹಾಲು ಕುಡಿಯೋ ಹೊತ್ತು ಬರೆದಿಡ್ತಿದ್ದೆ. ನಾಲ್ಕೂ ಹತ್ತು. ಅವರ ಪುಸ್ತಕದಲ್ಲೂ ನಾಲ್ಕೂ ಹತ್ತೇ ಇದೆ, ಹೋಗಿ ನೋಡಿ. ಜನವರಿಯಿಂದ ನನಗೆ ಗೊತ್ತಿತ್ತು. ಹೆದರಿ ಸುಮ್ಮನಿದ್ದೆ. ಅದಕ್ಕೆ ನಾನು ಅರ್ಡಿತ್ ಅವರ ಕ್ಷಮೆ..."

"ಸಭಾಪತಿಗೆ ಹೇಳಮ್ಮ" ಅಂದರು ಲಿಂಡನ್ ಮೆಲ್ಲಗೆ.

"ನಿಮ್ಮ ಮೂಲಕ ಕೇಳ್ತೀನಿ."

ಹಾಲಿನಲ್ಲಿ ಗುಜುಗುಜು. ವೇನ್ ಮತ್ತೆ ಎದ್ದ. "ಇವರು ಅಧ್ಯಕ್ಷರ ಸೊಸೆ. ಅಧ್ಯಕ್ಷರು ತೆಗೆದ ಫೋಟೊ. ಅಂದ್ಮೇಲೆ ಅವರೇನ್ ಹೇಳ್ತಾರೆ ಅಂತ ಕೇಳಬಹುದಾ, ಸಭಾಪತಿಗಳೇ?"

ಎಲ್ಲರೂ ಮುಂದಿನ ಮೇಜಿನ ಕಡೆ ತಿರುಗಿದರು. ಮಾವನ ಕೈ ಮೇಜಿನ ಅಂಚು ಹಿಡಿದಿತ್ತು. ಅವರು ಅಲ್ಲೇ ಕೂತು ಮೈಕಿನಲ್ಲಿ ಹೇಳಬಹುದಿತ್ತು. ಹೇಳದೆಯೂ ಇರಬಹುದಿತ್ತು, ಬೇರೆ ವಿಷಯಕ್ಕೆ ಹೋಗಿ ಅನ್ನಬಹುದಿತ್ತು. ಅವರು ಎದ್ದು, ಮೇಜು ಸುತ್ತಿ, ನಾವೆಲ್ಲ ಕೂತಿದ್ದ ನೆಲಕ್ಕೆ ಬಂದು ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ರಾಯ್ಸ್ ವೀಲಾಕ್, ಗರಗಸ ಮಿಲ್ ರಸ್ತೆ. ಫೋಟೊ ತೆಗೆದವನು ನಾನು. ಗಾಡಿಯಿಂದ ಇಳಿದು ಹೋಗಿ ಕೇಳಬಹುದಿತ್ತು. ಮೂವತ್ತು ಹೆಜ್ಜೆ. ಕೇಳಿದ್ರೆ ಮೊಮ್ಮಗನ ಮುಖ ನೋಡ್ಕೊಂಡು ಬರ್ತಿದ್ದೆ. ಕೇಳಲಿಲ್ಲ." ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಅದಾದ್ರೂ ತಿಳೀದೆ ಮಾಡಿದ್ದು. ಜನವರೀಲಿ ತಿಳೀತು. ಆಮೇಲಿನ ಎರಡು ತಿಂಗಳು ತಿಳಿದು ತಿಳಿದು ಸುಮ್ಮನಿದ್ದೆ. ನನ್ನನ್ನ ಯಾರೂ ಹೆದರಿಸಲಿಲ್ಲ, ಯಾರೂ ಅಳಿಸು ಅನ್ನಲಿಲ್ಲ. ನಾಚಿಕೆಯಾಗಿ ಅಳಿಸಿದೆ. ಅರ್ಡಿತ್ ತಪ್ಪನ್ನ ಅರ್ಡಿತ್ ಅವತ್ತೇ ಬರೆದ್ರು. ನಂದು ಇವತ್ತು ಬರೆಸ್ತಿದೀನಿ. ಬರ್ಕೊಳ್ಳಿ, ಅರ್ಡಿತ್. ನಾನು ಈ ಕುರ್ಚಿ ಬಿಡಬೇಕು ಅಂದ್ರೆ ಅದನ್ನೂ ಬರ್ಕೊಳ್ಳಿ."

ಅಡುಗೆಮನೆಯಲ್ಲಿ ಒಂದು ತಟ್ಟೆ ಬಿದ್ದ ಸದ್ದು. ಅರ್ಡಿತ್ ಪೆನ್ನು ಎತ್ತಿದರು.

"ಸಭಾಪತಿಗಳೇ, ಅಧ್ಯಕ್ಷರಿಗೆ ನಿಧಾನವಾಗಿ ಹೇಳೋಕೆ ಹೇಳಿ. 'ಮೂವತ್ತು ಹೆಜ್ಜೆ' ತನಕ ಆಗಿದೆ."

ಆಗ ನಗು ಬಂತು ನೋಡಿ, ಆ ಹಾಲಿನಲ್ಲಿ, ನಾಲ್ಕು ತಿಂಗಳ ಮೇಲೆ. ಎರಡೂ ಪಕ್ಷದವರ ನಗು. ನಾನು ಕೂತೆ.

ಕುರ್ಚಿ ಬಿಡುವ ವಿಷಯಕ್ಕೆ ಸಭಾಪತಿ, ಅದು ಇವತ್ತಿನ ಪಟ್ಟಿಯಲ್ಲಿಲ್ಲ, ಅವಧಿ ಮುಂದಿನ ವರ್ಷ ಮುಗಿಯುತ್ತೆ, ಅಷ್ಟರಲ್ಲಿ ಜನ ಯೋಚನೆ ಮಾಡಿರುತ್ತಾರೆ ಅಂದರು. "ಮಾಡಿರ್ತೀವಿ, ಮಾಡಿರ್ತೀವಿ" ಅಂದರು ಹಿಂದಿನ ಸಾಲಿನ ಮುದುಕಿಯೊಬ್ಬರು. ಮಾವ ತಲೆಯಾಡಿಸಿದರು. ಆಮೇಲೆ ಚೀಟಿಯಲ್ಲಿ ಮತ. ಮರದ ಪೆಟ್ಟಿಗೆಯ ಮುಂದೆ ಸಾಲು. ಅರ್ಡಿತ್ ಸ್ಪರ್ಧಿಯಾದ್ದರಿಂದ ಎಣಿಸಲು ಕೂರದೆ ಮೂಲೆಯಲ್ಲಿ ನಿಂತು ಓರಿನ್‌ನನ್ನು ಆಡಿಸುತ್ತಿದ್ದರು. ನೂರ ಹದಿನೆಂಟು, ಅರವತ್ತನಾಲ್ಕು. ಅರ್ಡಿತ್ ಉಳಿದರು. ಅರವತ್ತನಾಲ್ಕು ಜನ ಇನ್ನೂ ನಂಬಿರಲಿಲ್ಲ, ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ.

ಊಟಕ್ಕೆ ನಿಂತಾಗ ವೇನ್ ತಟ್ಟೆ ಹಿಡಿದು ಅವರ ಹತ್ತಿರ ಬಂದ. "ನನಗೆ ಇನ್ನೂ ಸ್ವಲ್ಪ ಅನುಮಾನ ಇದೆ, ಅರ್ಡಿತ್."

"ಇದ್ರೆ ಬನ್ನಿ. ಸೋಮವಾರದಿಂದ ಗುರುವಾರ, ಎಂಟರಿಂದ ನಾಲ್ಕು. ಪುಸ್ತಕ ಮೇಜಿನ ಮೇಲಿರುತ್ತೆ. ಮುಂದಿನ ಚುನಾವಣೆಗೆ ಕಾರಿನ ತನಕ ನನ್ನ ಜೊತೆ ಬರೋ ಎರಡನೇ ಮನುಷ್ಯ ನೀವೇ ಆಗಿ. ಛತ್ರಿ ನಿಮ್ಮದು."

ವೇನ್ ತಟ್ಟೆಯಲ್ಲಿದ್ದ ಹಂದಿಮಾಂಸದ ತುಂಡು ಬಾಯಿಗೆ ಹಾಕಿಕೊಂಡ. ಆದರೆ ಗುರುವಾರ ಹೋಗಿ ಎರಡು ಗಂಟೆ ಕೂತು ಆ ಪುಸ್ತಕ ಓದಿ ಬಂದನಂತೆ.

ಅರ್ಡಿತ್ ಅವತ್ತು ಎರಡು ತುಂಡು ಸೇಬಿನ ಪೈ ತಿಂದರು. ಮಾವ ಸಂಜೆ ಮನೆಗೆ ಬಂದು, ಸಭೆಯಲ್ಲಿ ಹೇಳಿದ್ದನ್ನೇ ಅದೇ ಗುಂಪಿಗೆ, ಹೆಸರು ಮತ್ತು ರಸ್ತೆ ಸಮೇತ ಬರೆದು ಹಾಕಿದರು. ಫೋಟೊ ನೋಡಿದವರಷ್ಟು ಜನ ಅದನ್ನು ನೋಡಲಿಲ್ಲ, ನೂರರಲ್ಲೊಂದು ಪಾಲೂ ಇಲ್ಲ. ಪರದೆಯ ಮೇಲೆ ತೋರಿಸಿದ ಆ ನಾಯಕನಿಗೂ ಒಂದು ಪತ್ರ ಕಳಿಸಿದ್ದಾರೆ. ಉತ್ತರ ಬಂದಿಲ್ಲ. ಮಾವ ಈಗ ಎರಡನೇ ಪತ್ರ ಬರೆಯುತ್ತಿದ್ದಾರೆ.

ನಿನ್ನೆ ಪೆಪ್ಪರ್‌ನ ಪರವಾನಗಿಗೆ ಪುರಭವನಕ್ಕೆ ಹೋಗಿದ್ದೆ. ನಡುಮಧ್ಯಾಹ್ನ, ಬಾಗಿಲು ಅಗಲವಾಗಿ ತೆರೆದಿತ್ತು, ಮೆಟ್ಟಿಲ ಮೇಲಿನ ಹಿಮ ಕರಗಿ ಹರಿಯುತ್ತಿತ್ತು. ಒಳಗೆ ಮಾವ ಮೇಜಿನ ಮುಂದೆ ನಿಂತಿದ್ದರು, ತಮ್ಮ ಮುದಿ ಬೇಟೆನಾಯಿ ಡ್ಯೂಕ್‌ನ ಪರವಾನಗಿಗೆ.

"ಚುಚ್ಚುಮದ್ದಿನ ಚೀಟಿ?" ಅರ್ಡಿತ್ ಕನ್ನಡಕದ ಮೇಲಿನಿಂದ ನೋಡಿದರು.

"ಆಗಿದೆ ಅರ್ಡಿತ್. ಫೆಬ್ರವರೀಲೇ ಹಾಕಿಸಿದೀನಿ, ಚೀಟಿ ಮನೇಲಿದೆ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

ಅರ್ಡಿತ್ ಪೆನ್ನು ಕೆಳಗಿಟ್ಟು, ಚೀಟಿಗೆ ಕೈ ಚಾಚಿದರು. ಮಾವನ ಕಿವಿ ಕೆಂಪಾಯಿತು.

"ತರ್ತೀನಿ, ತರ್ತೀನಿ" ಅಂದು, ನನ್ನ ಪಕ್ಕದಲ್ಲೇ ಹಾದು, ಓರಿನ್‌ನ ಕೆನ್ನೆ ಹಿಂಡಿ, ಬಂದ ದಾರಿಯಲ್ಲೇ ವಾಪಸ್ ಹೋದರು. ನಾವಿಬ್ಬರೂ ನಕ್ಕೆವು. ಈಗ ಹೊಲಿಗೆ ನೋಯುವುದಿಲ್ಲ.